ಏನೂ ಬರೆದಿಟ್ಟಿಲ್ಲ ಎಂದವಳು ನಾನೇ

ಅಕ್ಕ ಬರೆಸಿಟ್ಟಿದ್ದ ಕಾಗದ ನನ್ನ ಕೈಚೀಲದಲ್ಲೇ ಇತ್ತು. ತುರ್ತು ವಾರ್ಡಿನ ಬಾಗಿಲಲ್ಲಿ ನಿಂತ ಡಾಕ್ಟರು, "ಇವರು ಮೊದಲೇ ಏನಾದರೂ ಹೇಳಿದ್ದರಾ? ಏನಾದರೂ ಬರೆದಿಟ್ಟಿದ್ದಾರಾ?" ಎಂದು ನನ್ನನ್ನೇ ಕೇಳಿದರು. ಇಲ್ಲ ಎಂದೆ. ಯಾರೂ ನನ್ನ ಬಾಯಿಂದ ಆ ಮಾತನ್ನು ಬಲವಂತವಾಗಿ ಹೊರಡಿಸಲಿಲ್ಲ. ಗಾಬರಿಯಲ್ಲಿ ಮರೆತೆ ಎನ್ನಲೂ ಆಗದು — ಇಲ್ಲ ಎನ್ನುವಾಗ ನನ್ನ ಎಡಗೈ ಚೀಲದ ಜಿಪ್ಪಿನ ಮೇಲೇ ಇತ್ತು.

ಅಕ್ಕ ಹೋಗಿ ಎರಡು ವರ್ಷ ದಾಟಿತು. ಈ ಸುಳ್ಳು ಅವಳ ಜೊತೆಗೇ ಮಣ್ಣಾಗಿದ್ದರೆ ನಾನು ಬಾಯಿ ಬಿಡುತ್ತಿದ್ದೆನೋ ಇಲ್ಲವೋ — ಬಿಡುತ್ತಿರಲಿಲ್ಲ ಎಂದೇ ತೋರುತ್ತದೆ. ಆದರೆ ಅದು ಮಣ್ಣಾಗಲಿಲ್ಲ. ನನಗೆ ಬರಬೇಕಾಗಿದ್ದ ಕೆಟ್ಟ ಹೆಸರನ್ನು ಇನ್ನೊಬ್ಬಳು ಹೊತ್ತಳು. ಅವಳು ಹೊರುವುದನ್ನು ನಾನು ನೋಡುತ್ತ ಕುಳಿತೆ. ಎರಡನ್ನೂ ಹೇಳಬೇಕು.

ನಾನು ಸರೋಜಮ್ಮ. ನರಸೀಪುರ, ನಂಜನಗೂಡು ತಾಲ್ಲೂಕುಗಳ ಹಳ್ಳಿಗಳಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಸರ್ಕಾರಿ ಆರೋಗ್ಯ ಕೇಂದ್ರದ ಕೆಲಸ ಮಾಡಿದವಳು. ಮನೆಮನೆಗೆ ಹೋಗಿ ಲಸಿಕೆ ಹಾಕುತ್ತಿದ್ದೆ, ಹೆರಿಗೆ ಮಾಡಿಸುತ್ತಿದ್ದೆ. ನರ್ಸಮ್ಮ ಎಂದರೆ ಈಗಲೂ ಕೆಲವು ಊರುಗಳಲ್ಲಿ ನಾನೇ. ಗಂಡ ಬೇಗ ತೀರಿಕೊಂಡರು, ಮಕ್ಕಳಾಗಿರಲಿಲ್ಲ. ನಿವೃತ್ತಿಯಾದ ಮೇಲೆ ನಂಜನಗೂಡಿನಲ್ಲಿ ಒಂದು ಚಿಕ್ಕ ಮನೆಯಲ್ಲಿದ್ದೇನೆ.

ಅಕ್ಕ ಮಹದೇವಮ್ಮ ನನಗಿಂತ ಒಂಬತ್ತು ವರ್ಷಕ್ಕೆ ದೊಡ್ಡವಳು. ನಮ್ಮದು ಬದನವಾಳು. ನನಗೆ ಐದು ವರ್ಷವಿದ್ದಾಗ ಅವ್ವ ಹೋದಳು. ಆಮೇಲೆ ನನ್ನ ತಲೆ ಬಾಚಿದವಳು, ಜ್ವರ ಬಂದಾಗ ಹಣೆ ಮುಟ್ಟಿ ನೋಡಿದವಳು, ಸ್ಕೂಲಿಗೆ ಹೋಗದಿದ್ದರೆ ಬೆನ್ನಿಗೆ ಎರಡು ಕೊಟ್ಟವಳು ಎಲ್ಲ ಅಕ್ಕನೇ. ಹದಿನಾಲ್ಕಕ್ಕೇ ಖಾದಿ ಕೇಂದ್ರದಲ್ಲಿ ನೂಲಲು ಕುಳಿತಳು. ನಾನು ನರ್ಸ್ ಟ್ರೈನಿಂಗ್ ಮುಗಿಸಿ ಕೆಲಸಕ್ಕೆ ಸೇರುವ ತನಕ ಮದುವೆಗೆ ಒಪ್ಪಲಿಲ್ಲ. ಆಮೇಲೆ ಹೆಮ್ಮಿಗೆಗೆ ಮದುವೆಯಾಗಿ ಹೋದಳು. ಒಬ್ಬನೇ ಮಗ, ಸಿದ್ದರಾಜು — ನರಸೀಪುರದಲ್ಲಿ ಕರೆಂಟಿನ ಲೈನ್‌ಮನ್. ಅವನ ಹೆಂಡತಿ ಮಂಜುಳ ನಂಜನಗೂಡಿನ ಗಾರ್ಮೆಂಟ್ಸಿಗೆ ವ್ಯಾನಿನಲ್ಲಿ ಹೋಗಿಬರುತ್ತಾಳೆ. ಮಾತು ಕಮ್ಮಿ, ಆಡಿದರೆ ಒರಟು. ನನಗೆ ಅವಳು ಮೊದಲಿನಿಂದಲೂ ಅಷ್ಟಕ್ಕಷ್ಟೆ.

ಅಕ್ಕನಿಗೆ ಹಾರ್ಟ್ ತೊಂದರೆ ಎಂದು ಗೊತ್ತಾಗಿದ್ದು ಅವಳ ಕಾಲು ಊದತೊಡಗಿದ ಮೇಲೆ. ಬೆರಳಲ್ಲಿ ಒತ್ತಿದರೆ ಗುಳಿ ಬೀಳುತ್ತಿತ್ತು. ಮೂರು ದಿಂಬು ಒರಗಿಸಿಕೊಳ್ಳದೆ ಮಲಗಲು ಆಗುತ್ತಿರಲಿಲ್ಲ. ಮೈಸೂರಿನ ಹೃದಯದ ಡಾಕ್ಟರು ಎಕೋ ಮಾಡಿಸಿ ನೋಡಿ, ಪಂಪಿಂಗ್ ತುಂಬ ಕಮ್ಮಿಯಾಗಿದೆ, ಇದು ಪೂರ್ತಿ ವಾಸಿಯಾಗುವ ಕಾಯಿಲೆಯಲ್ಲ, ಹಿಡಿದು ನಿಲ್ಲಿಸಬಹುದು ಅಷ್ಟೆ ಎಂದರು. ಉಪ್ಪು ಬಿಟ್ಟಳು. ಕುಡಿಯುವ ನೀರಿಗೂ ಅಳತೆ. ಬೆಳಿಗ್ಗೆ ಎದ್ದು ತೂಕದ ಮಿಷಿನ್ ಮೇಲೆ ನಿಂತು, ಎಷ್ಟೆಂದು ನನಗೆ ಫೋನ್ ಮಾಡುತ್ತಿದ್ದಳು. ಮೂರು ವರ್ಷ ಹಾಗೇ ನಡೆಯಿತು. ಎರಡು ಸಲ ಉಸಿರು ಕಟ್ಟಿ ಆಸ್ಪತ್ರೆ ಸೇರಿ, ಸೂಜಿ ಹಾಕಿಸಿಕೊಂಡು ಎದ್ದು ಬಂದಳು.

ಎರಡನೆಯ ಸಲ ಬಂದ ಮೇಲೆ, ತೋರಿಸಲು ಹೋದಾಗ ಡಾಕ್ಟರು ಬಾಗಿಲು ಹಾಕಿಸಿ ಅಕ್ಕನ ಎದುರು ಕುರ್ಚಿ ಎಳೆದುಕೊಂಡು ಕುಳಿತರು.

"ಮಹದೇವಮ್ಮನವರೇ, ಮುಂದೆ ಯಾವಾಗಲಾದರೂ ಉಸಿರಾಟ ಪೂರ್ತಿ ಕೆಟ್ಟರೆ ಆಗ ನಿಮಗೆ ಮಾತಾಡೋಕೆ ಆಗದೇ ಇರಬಹುದು. ನಿಮಗೆ ಏನು ಬೇಕು, ಏನು ಬೇಡ ಅಂತ ಈಗಲೇ ಹೇಳಿಟ್ಟರೆ ನಮಗೂ ಮನೆಯವರಿಗೂ ದಾರಿ ಗೊತ್ತಾಗುತ್ತೆ. ಹೇಳಲೇಬೇಕು ಅಂತೇನಿಲ್ಲ."

ನನಗೆ ಸಿಟ್ಟು ಬಂತು. ಬದುಕಿರುವವರ ಮುಂದೆ ಆಡುವ ಮಾತೇ ಇದು ಎಂದುಕೊಂಡೆ. ಅಕ್ಕ ಮಾತ್ರ ಯಾರಾದರೂ ಕೇಳಲಿ ಎಂದು ಕಾಯುತ್ತಿದ್ದವಳ ಹಾಗೆ ನೇರ ಕುಳಿತಳು.

"ಮಾತ್ರೆ ಕೊಡಿ, ನುಂಗ್ತೀನಿ ಸಾಮಿ. ಸೂಜಿ ಆಕಿ, ಅದೂ ಸೈ. ಆ ಗಂಟ್ಲೊಳಕ್ಕೆ ಪೈಪ್ ಆಕೋ ಮಿಷಿನ್ ಮಾತ್ರ ಬ್ಯಾಡಿ. ನನ್ ಕೈ ಕಟ್ಬ್ಯಾಡಿ. ಸಂಕ್ಟ ಗೊತ್ತಾಗ್ದಂಗೆ ಏನಾರ ಕೊಟ್ಟು, ನಮ್ಮನೇಲೇ ಇರಾಕೆ ಬುಟ್ಬುಡಿ."

ಅವಳು ಹಾಗೆ ಹೇಳಲು ಕಾರಣವಿತ್ತು. ಭಾವ ಹೋಗಿದ್ದು ಮಿಷಿನ್ನಿನ ಮೇಲೆ. ಒಂಬತ್ತು ದಿನ ಅಕ್ಕ ಗಾಜಿನ ಈಚೆಯಿಂದ ನೋಡಿದ್ದಳು — ಪೈಪು ಕಿತ್ತುಕೊಳ್ಳದಿರಲಿ ಎಂದು ಭಾವನ ಎರಡೂ ಕೈಗಳನ್ನು ಮಂಚದ ಸರಳಿಗೆ ಬ್ಯಾಂಡೇಜು ಬಟ್ಟೆಯಲ್ಲಿ ಕಟ್ಟಿದ್ದರು. ಕೊನೆಗೂ ಅವರು ಒಂದು ಮಾತಾಡದೆ ಹೋದರು. ಆ ಡಾಕ್ಟರುಗಳ ತಪ್ಪಲ್ಲ, ಉಳಿಸಲು ನೋಡಿದರು, ಉಳಿಯಲಿಲ್ಲ. ಆದರೆ ಅಕ್ಕನಿಗೆ ಆ ಕೈಗಳು ಕಣ್ಣ ಮುಂದಿನಿಂದ ಹೋಗಲೇ ಇಲ್ಲ.

ನಿಮಗೆ ಮಾತಾಡಲು ಆಗದಿದ್ದಾಗ ನಿಮ್ಮ ಪರವಾಗಿ ಮಾತಾಡುವವರು ಯಾರು ಎಂದು ಡಾಕ್ಟರು ಕೇಳಿದರು. ಅಕ್ಕ ನನ್ನ ಕಡೆ ಕೈ ತೋರಿಸಿದಳು. ಹೊರಗೆ ಬಂದ ಮೇಲೆ ನಾನು, ಸಿದ್ದರಾಜು ಇದ್ದಾನಲ್ಲ ಎಂದೆ.

"ಅವ್ನು ಅತ್ಬುಡ್ತಾನೆ ಕಣೆ. ಅಳೋರ ಕೈಲಿ ಈ ಕೆಲ್ಸ ಆಗಾಕಿಲ್ಲ. ನೀನು ನರ್ಸು. ಎಷ್ಟ್ ಸಾವು ನೋಡಿದ್ದೀಯ. ನೀನು ಗಟ್ಟಿ ನಿಂತ್ಕೋತೀಯ."

ಹೆಮ್ಮೆಯಾಯಿತು — ಇದನ್ನೂ ಹೇಳಬೇಕು. ಆ ದಿನ ನನಗೆ ಭಯಕ್ಕಿಂತ ಹೆಮ್ಮೆಯೇ ಹೆಚ್ಚಾಗಿತ್ತು.

ನರಸೀಪುರದಲ್ಲಿ ಕೋರ್ಟಿನ ಹತ್ತಿರ ನೋಟರಿಯ ಮುಂದೆ ಕಾಗದ ಮಾಡಿಸಿದೆವು. ನಂಜನಗೂಡಿನಿಂದ ಬಂದ ನನ್ನ ಪಕ್ಕದ ಮನೆಯವರೊಬ್ಬರು, ನನ್ನ ಜೊತೆ ಕೆಲಸ ಮಾಡಿದ್ದ ಹೆಂಗಸೊಬ್ಬಳು, ಇಬ್ಬರೂ ಸಾಕ್ಷಿ. ಟೈಪ್ ಮಾಡುವವನು ಓದಿ ಹೇಳಿದ ಮೇಲೆ ಅಕ್ಕ, "ಕೈ ಇಚಾರ ಬಿಟ್ಟೋಗದೆ" ಎಂದು ಸೇರಿಸಿದಳು. 'ಯಾವ ಕಾರಣಕ್ಕೂ ನನ್ನ ಕೈಗಳನ್ನು ಕಟ್ಟಕೂಡದು' ಎಂಬ ಸಾಲು ಹಾಗೆ ಬಂತು. ಅದರ ಕೆಳಗೆ ನಿಧಾನವಾಗಿ, ಒಂದೊಂದೇ ಅಕ್ಷರ ಕೂಡಿಸಿ ಸಹಿ ಹಾಕಿದಳು. ಸಿದ್ದರಾಜುವಿಗೆ ಈಗಲೇ ಹೇಳುವುದು ಬೇಡ, ಅನ್ನ ಬಿಡುತ್ತಾನೆ, ಹೊತ್ತು ಬಂದಾಗ ನೀನೇ ಹೇಳು ಎಂದಳು. ಕಾಗದವನ್ನೂ ಅದರ ನಕಲನ್ನೂ ನನ್ನ ಕೈಗೆ ಕೊಟ್ಟಳು. ನಕಲನ್ನು ಡಾಕ್ಟರ ಫೈಲಿಗೆ ಸೇರಿಸಬೇಕಾಗಿತ್ತು.

ಸೇರಿಸಲಿಲ್ಲ. ಮುಂದಿನ ಎರಡು ಸಲವೂ ಮನೆಯಲ್ಲೇ ಮರೆತು ಬಂದೆ ಎಂದು ಡಾಕ್ಟರಿಗೆ ಹೇಳಿದೆ. ಮರೆತಿರಲಿಲ್ಲ. ಕೊಟ್ಟುಬಿಟ್ಟರೆ ಅದು ನಿಜವಾಗಿಬಿಡುತ್ತದೆ ಎಂದು — ಏನೆಂದು ಹೇಳಲಿ. ದ್ರೋಹ ತುರ್ತು ವಾರ್ಡಿನ ಬಾಗಿಲಲ್ಲಿ ಶುರುವಾಗಲಿಲ್ಲ. ಅಲ್ಲಿಗೆ ಅದನ್ನು ಸಿದ್ಧ ಮಾಡಿಕೊಂಡೇ ಹೋಗಿದ್ದೆ ಎಂದು ಈಗ ಅನ್ನಿಸುತ್ತದೆ.

ಒಂದು ಬೆಳಿಗ್ಗೆ ಮಂಜುಳ ಫೋನ್ ಮಾಡಿ, ಅತ್ತೆಗೆ ಉಸಿರು ಸಿಗುತ್ತಿಲ್ಲ, ಆಂಬುಲೆನ್ಸಿನಲ್ಲಿ ಮೈಸೂರಿಗೆ ಹೊರಟಿದ್ದೇವೆ ಎಂದಳು. ಬೀರುವಿನಿಂದ ಕಾಗದ ತೆಗೆದು ಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಮನಸ್ಸಿನಲ್ಲೇ ಆಡಿಕೊಂಡೆ. ಅವರು ಹೋಗಿದ್ದು ನಮ್ಮ ಡಾಕ್ಟರಿದ್ದ ಆಸ್ಪತ್ರೆಗಲ್ಲ, ಮೊದಲು ಸಿಕ್ಕಿದ ದೊಡ್ಡ ಆಸ್ಪತ್ರೆಗೆ. ಅಲ್ಲಿ ಯಾರಿಗೂ ಅಕ್ಕನ ವಿಷಯ ಗೊತ್ತಿರಲಿಲ್ಲ.

ನಾನು ತಲುಪಿದಾಗ ಅಕ್ಕ ಕುಳಿತೇ ಇದ್ದಳು, ಬಾಯಿಗೆ ಆಕ್ಸಿಜನ್ ಮಾಸ್ಕು. ತುಟಿ ನೀಲಿ. ಕಣ್ಣು ತೆರೆದಿತ್ತು. ನನ್ನನ್ನು ಕಂಡ ಕೂಡಲೆ ಅವಳ ಮುಖ ಸಡಿಲವಾಯಿತು — ಬಂದಳಲ್ಲ, ಇನ್ನು ಪರವಾಗಿಲ್ಲ ಎನ್ನುವ ಹಾಗೆ. ಆ ಮುಖ ನೋಡಿಯೂ ನಾನು...

ಡಾಕ್ಟರು ಹೊರಗೆ ಕರೆದು ಟ್ಯೂಬ್ ಹಾಕಬೇಕಾಗಬಹುದು ಎಂದರು. ಆಮೇಲೆ ಆ ಪ್ರಶ್ನೆ ಕೇಳಿದರು. ಸಿದ್ದರಾಜು ನನ್ನ ತೋಳು ಹಿಡಿದುಕೊಂಡಿದ್ದ. "ಚಿಕ್ಕವ್ವ, ನಂಗೇನೂ ಗೊತ್ತಾಗಾಕಿಲ್ಲ, ನೀನೇ ಏಳು" ಎಂದ.

"ಇಲ್ಲ ಸಾರ್. ಏನೂ ಬರೆದಿಟ್ಟಿಲ್ಲ. ಏನು ಮಾಡಬೇಕೋ ಎಲ್ಲ ಮಾಡಿ."

ಯಾಕೆ ಹಾಗೆಂದೆ? ಅಕ್ಕನ ಮೇಲಿನ ಪ್ರೀತಿ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಪ್ರೀತಿಯೇ ಆಗಿದ್ದರೆ ಅವಳ ಮಾತು ನೆನಪಾಗಬೇಕಿತ್ತು. ನನಗೆ ನೆನಪಾದದ್ದು ನಾನು ಒಬ್ಬಳೇ ಉಳಿಯುತ್ತೇನೆ ಎನ್ನುವುದು. ಇನ್ನೊಂದೂ ಇತ್ತು — ಆ ಕಾಗದ ತೆಗೆದು ಕೊಟ್ಟರೆ, ನರ್ಸಮ್ಮ ತನ್ನ ಅಕ್ಕನನ್ನೇ ಕೈಯಾರೆ ಬಿಟ್ಟಳು ಎಂದು ಊರು ಆಡಿಕೊಳ್ಳುತ್ತದೆ. ಇಷ್ಟೇ. ಇದಕ್ಕಿಂತ ದೊಡ್ಡ ಕಾರಣ ಹುಡುಕಿದರೂ ಸಿಗಲಿಲ್ಲ.

ಆರು ದಿನ ಅಕ್ಕ ಮಿಷಿನ್ನಿನ ಮೇಲಿದ್ದಳು. ಎರಡನೆಯ ದಿನ ಎಚ್ಚರವಾದಾಗ ಪೈಪಿಗೆ ಕೈ ಹಾಕಿದಳಂತೆ. ನಾನು ಒಳಗೆ ಹೋಗುವ ಹೊತ್ತಿಗೆ ಕೈ ಕಟ್ಟಿದ್ದರು. ಅವರಿಗೇನು ಗೊತ್ತು. ಗೊತ್ತಿದ್ದವಳು ನಾನೊಬ್ಬಳೇ. ಅಕ್ಕ ಕಣ್ಣಲ್ಲಿ ನನ್ನನ್ನು ಏನೋ ಕೇಳುತ್ತಿದ್ದಳು. ನಾನು ಅವಳ ಪಾದದ ಮೇಲಿನ ಹೊದಿಕೆ ಸರಿಮಾಡಿದೆ, ಅಷ್ಟೇ. ಅವಳ ಮುಖದ ಹತ್ತಿರ ನಿಲ್ಲಲಿಲ್ಲ.

ಅಕ್ಕ ಬದುಕಿದಳು. ಏಳನೆಯ ದಿನ ಪೈಪು ತೆಗೆದರು. ಗಂಟಲು ಒಡೆದು ಹೋಗಿತ್ತು. ನನ್ನನ್ನು ಬಗ್ಗಲು ಹೇಳಿ ಕಿವಿಯಲ್ಲಿ ಕೇಳಿದಳು:

"ಕಾಗ್ದ ಕೊಟ್ಯಾ?"

"ಕೊಟ್ಟೆ ಕಣಕ್ಕ. ಅವರು ಒಪ್ಪಲಿಲ್ಲ."

ಒಂದು ಸುಳ್ಳಿಗೆ ಇನ್ನೊಂದು. ಇದಕ್ಕೆ ಗಾಬರಿಯ ನೆವವೂ ಇಲ್ಲ. ಅಕ್ಕ ತಲೆಯಾಡಿಸಿದಳು. ನಂಬಿದಳು. ನಾನು ಹೇಳಿದ್ದನ್ನು ಅವಳು ನಂಬದೇ ಇದ್ದ ದಿನ ಅಲ್ಲಿಯವರೆಗೆ ಇರಲೇ ಇಲ್ಲ.

ಹೆಮ್ಮಿಗೆಗೆ ವಾಪಸು ಬಂದ ಮೇಲೆ ಅವಳು ಮೊದಲಿನ ಹಾಗಾಗಲಿಲ್ಲ. ಹಾಸಿಗೆಯಿಂದ ಬಚ್ಚಲಿಗೆ ಹೋಗುವುದೇ ದೊಡ್ಡ ಪ್ರಯಾಣ. ಮಣಿಕಟ್ಟಿನಲ್ಲಿ ಬಟ್ಟೆ ಉಜ್ಜಿದ ಗಾಯ ಮಾಯಲು ತಿಂಗಳು ಹಿಡಿಯಿತು. ನಾನು ಅಲ್ಲೇ ಉಳಿದು, ಗಾಯಕ್ಕೆ ಮುಲಾಮು ಹಚ್ಚಿ, ಬೆನ್ನು ಒರೆಸಿ, ಉಪ್ಪಿಲ್ಲದ ಸಾರು ಮಾಡಿ ಹಾಕಿದೆ. ಎಂಥ ತಂಗಿ ಎಂದು ಅಕ್ಕಪಕ್ಕದವರು ಹೊಗಳಿದರು. ಅಕ್ಕ ಬಂದವರ ಮುಂದೆ, "ಓದ್ದೋರೂ ಬರ್ದಿದ್ದ ಓದಾಕಿಲ್ಲ ಅಂದ್ರೆ ಏನ್ ಮಾಡಾದು" ಎಂದು ಆಸ್ಪತ್ರೆಯವರನ್ನು ಬೈಯುತ್ತಿದ್ದಳು. ಅವರು ಏನು ವಿಷಯ ಎಂದು ಕೇಳುವ ಮೊದಲೇ ನಾನು ಕಾಫಿ ತಂದು ಮಾತು ಬೇರೆ ಕಡೆ ತಿರುಗಿಸುತ್ತಿದ್ದೆ.

ಒಂದೂವರೆ ತಿಂಗಳಿಗೆ ನಮ್ಮ ಹಳೆಯ ಡಾಕ್ಟರ ಹತ್ತಿರ ತೋರಿಸಲು ಹೋದೆವು. ಕಾರಿನಿಂದ ಇಳಿಸಿ ಹತ್ತಿಸಲು ಮಂಜುಳ ರಜೆ ಹಾಕಿ ಬಂದಿದ್ದಳು. ಕುಳಿತ ತಕ್ಷಣ ಅಕ್ಕ ಕೇಳಿದಳು: "ನಾವು ಬರ್ಸಿದ್ ಕಾಗ್ದಕ್ಕೆ ಬೆಲೆ ಇಲ್ವಾ ಸಾಮಿ? ನನ್ ತಂಗಿ ಕೊಟ್ರೂ ಅವ್ರು ಒಪ್ನಿಲ್ವಂತೆ."

ಡಾಕ್ಟರು ಆಶ್ಚರ್ಯದಿಂದ ಆ ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ ತಿರುವಿದರು. ಓದಿ, ನನ್ನ ಕಡೆ ಒಮ್ಮೆ ನೋಡಿದರು. ಅಕ್ಕ ಬಿಡಲಿಲ್ಲ, ಏನು ಬರೆದಿದ್ದಾರೆ ಓದಿ ಎಂದಳು. ಅವರು ಕನ್ನಡದಲ್ಲಿ ಹೇಳಿದರು: ಮುಂಚಿನ ಇಚ್ಛೆ ಏನಾದರೂ ಇದೆಯೇ ಎಂದು ರೋಗಿಯ ತಂಗಿಯನ್ನು ಕೇಳಲಾಯಿತು, ಇಲ್ಲ ಎಂದರು.

ಅಕ್ಕ ನನ್ನ ಕಡೆ ತಿರುಗಲಿಲ್ಲ. "ಮಂಜುಳಾ, ಏಳಿಸವ್ವ" ಎಂದು ಸೊಸೆಯ ಕಡೆ ಕೈ ಚಾಚಿದಳು. ನಾನು ಪಕ್ಕದಲ್ಲೇ ಇದ್ದೆ.

ಮನೆಯಲ್ಲಿ ದಿಂಬಿಗೆ ಒರಗಿ ಕುಳಿತ ಮೇಲೆ ನನ್ನನ್ನು ಕರೆದಳು. ಬಾಗಿಲಲ್ಲಿ ಮಂಜುಳ ನಿಂತಿದ್ದಳು. ಅಕ್ಕ ಅವಳನ್ನು ಹೋಗು ಎನ್ನಲಿಲ್ಲ.

"ಡಾಕ್ಟ್ರು ಮಾಡಿದ್ರೆ ಮರ್ತುಬುಡ್ತಿದ್ದೆ, ಸರೋಜಿ. ಅವ್ರು ನಂಗ್ಯಾರು?" ಉಸಿರಿಗೆ ನಿಂತು ಮತ್ತೆ ಹೇಳಿದಳು. "ಆರ್ ದಿನ ಕಣ್ಣು ಬುಟ್ಟಾಗೆಲ್ಲ ಒಂದೇ ಅಂದ್ಕತಿದ್ದೆ. ನನ್ ತಂಗಿ ಆಚೆ ಅವ್ರ ಕುಟ್ಟೆ ಜಗಳ ಆಡ್ತಾವ್ಳೆ, ಈಗ್ ಬಂದಾಳು, ಬಿಚ್ಚಿಸ್ತಾಳೆ ಅಂತ."

ನಾನು ಅಳತೊಡಗಿದೆ. ಅವಳು ಅಳಬೇಡ ಎನ್ನಲಿಲ್ಲ.

"ಆ ಕಾಗ್ದ ಕೊಡು."

ಕೊಟ್ಟೆ. ಅದೇ ಚೀಲ, ಅದೇ ಜಿಪ್ಪು. ಅಕ್ಕ ಅದನ್ನು ಬಿಚ್ಚಿಯೂ ನೋಡದೆ ಮಂಜುಳನ ಕೈಗೆ ಕೊಟ್ಟಳು.

ಹದಿನೈದು ದಿನಕ್ಕೆ ಹೊಸ ಕಾಗದವಾಯಿತು. ನನ್ನ ಹೆಸರಿದ್ದಲ್ಲಿ ಸೊಸೆಯ ಹೆಸರು. ನೋಟರಿಯೇ ಮನೆಗೆ ಬಂದಿದ್ದರಂತೆ, ನಾನು ನಂಜನಗೂಡಿಗೆ ಹೋಗಿದ್ದ ದಿನ ನೋಡಿ. ಈ ಸಲ ಸಿದ್ದರಾಜುವನ್ನೂ ಕೂರಿಸಿ ಹೇಳಿದ್ದಳು, ಆದರೆ ಹಳೆಯ ಕಾಗದದ ಸುದ್ದಿ ಎತ್ತಿರಲಿಲ್ಲ. ಅವನು ಅತ್ತ, ಆಮೇಲೆ ಆಯ್ತು ಅಂದ. ನಕಲು ಡಾಕ್ಟರ ಫೈಲಿಗೆ ಅದೇ ವಾರ ಹೋಯಿತು.

ನನಗಾದದ್ದು ಪಶ್ಚಾತ್ತಾಪವಲ್ಲ, ಹೊಟ್ಟೆಯುರಿ. ನನಗೇ ದ್ರೋಹವಾಯಿತು ಎನ್ನಿಸಿತು — ಹೀಗನ್ನಿಸಿತೆಂದು ಬರೆಯಲು ನಾಚಿಕೆಯಾಗುತ್ತದೆ, ಆದರೆ ಅನ್ನಿಸಿದ್ದು ಅದೇ. ಒಡಹುಟ್ಟಿದವಳನ್ನು ಬಿಟ್ಟು ನಿನ್ನೆ ಮೊನ್ನೆ ಬಂದವಳ ಕೈಗೆ ಜೀವ ಕೊಟ್ಟಳಲ್ಲ. ಬಟ್ಟೆ ಒಗೆಯುತ್ತಿದ್ದ ಮಂಜುಳನ ಹತ್ತಿರ ಹೋಗಿ, "ನಿನಗೇನು, ಹೆತ್ತ ತಾಯಲ್ಲ, ಸುಲಭ" ಎಂದೆ. ಅವಳು ತಲೆಯೆತ್ತದೆ, "ಅದುಕ್ಕೇ ನನ್ ಕೈಲಿ ಕೊಟ್ಟವ್ರೆ ಅನ್ಸುತ್ತೆ ಚಿಕ್ಕವ್ವ" ಎಂದಳು.

ನಾಲ್ಕು ತಿಂಗಳ ಮೇಲೆ ಅಕ್ಕನಿಗೆ ಮತ್ತೆ ಉಸಿರು ಕಟ್ಟಿತು. ಮಂಜುಳ ನನ್ನನ್ನು ಕರೆಸಿದಳು. ಕರೆಸದೇ ಇರಬಹುದಾಗಿತ್ತು. ನಾನು ಹೋದಾಗ ಬೆಳಿಗ್ಗೆ ಹತ್ತು ಗಂಟೆ. ಕಿಟಕಿ ತೆರೆದಿತ್ತು, ಫ್ಯಾನು ಮುಖಕ್ಕೆ ತಿರುಗಿಸಿದ್ದರು. ಸಿದ್ದರಾಜು ತಾಯಿಯ ಬೆನ್ನಿಗೆ ಎದೆಯೊಡ್ಡಿ ಕುಳಿತಿದ್ದ. ಡಾಕ್ಟರ ಜೊತೆ ಫೋನಿನಲ್ಲಿ ಮಾತಾಡಿಕೊಂಡು, ಅವರು ಮೊದಲೇ ಬರೆದುಕೊಟ್ಟಿದ್ದ ಸಂಕಟ ಕಳೆಯುವ ಔಷಧಿಯನ್ನು ಮಂಜುಳ ಹನಿಹನಿಯಾಗಿ ಅಕ್ಕನ ಬಾಯಿಗೆ ಬಿಡುತ್ತಿದ್ದಳು. ಎದೆ ಏರಿಳಿಯುವುದು ನಿಧಾನವಾಗಿ ಹದಕ್ಕೆ ಬರುತ್ತಿತ್ತು. ನನ್ನ ಕೆಲಸದ ಮೂವತ್ತು ವರ್ಷದಲ್ಲಿ ಅಷ್ಟು ಅಚ್ಚುಕಟ್ಟಾಗಿ ನೋಡಿಕೊಂಡ ಸಾವು ನಾನು ಕಂಡಿದ್ದು ಕಮ್ಮಿ. ಅದು ನನಗೆ ಆಗಲೇ ಗೊತ್ತಾಗಿತ್ತು.

ಆದರೂ, ಪಕ್ಕದ ಮನೆಯ ಹೆಂಗಸರು ಬಾಗಿಲಲ್ಲಿ ನಿಂತಿದ್ದಾಗ ನಾನು ಜೋರಾಗಿ, "ಹಿಂಗೆ ನೋಡ್ತಾ ಕೂತ್ಕೋತೀರಾ? ನಾನು ಆಂಬುಲೆನ್ಸ್ ಕರೀತೀನಿ" ಎಂದು ಫೋನ್ ತೆಗೆದೆ. ಮಂಜುಳ ಎದ್ದು ಬಂದು ನನ್ನ ಕೈಯಿಂದ ಫೋನ್ ತೆಗೆದುಕೊಂಡಳು. ಕಿತ್ತುಕೊಂಡಳು ಎಂದರೂ ಸರಿಯೇ.

"ಬ್ಯಾಡಿ ಚಿಕ್ಕವ್ವ. ಇನ್ನೊಂದ್ಸಲ ಬ್ಯಾಡಿ" ಎಂದಳು, ಮೆಲ್ಲಗೆ.

ಬಾಗಿಲಲ್ಲಿದ್ದವರಿಗೆ ಮಾತು ಕೇಳಿಸಲಿಲ್ಲ. ಕೈ ಮಾತ್ರ ಕಾಣಿಸಿತು.

ಮಧ್ಯಾಹ್ನ ಮೂರು ಗಂಟೆಯ ಹೊತ್ತಿಗೆ ಅಕ್ಕ ಹೋದಳು. ಮಗನ ಎದೆಗೆ ಒರಗಿ, ಸೊಸೆಯ ಕೈ ಹಿಡಿದುಕೊಂಡು. ನಾನು ಕಾಲ ಬಳಿ ಕುಳಿತಿದ್ದೆ. ನಡುವೆ ಒಮ್ಮೆ ಕಣ್ಣು ತೆರೆದು ನನ್ನ ಕಡೆ ನೋಡಿದಳು. ಏನು ನೋಟ ಅದು ಎಂದು ನಾನು ಹೇಳಲಾರೆ. ಹೇಳಿದರೆ ನನಗೆ ಬೇಕಾದ ಅರ್ಥ ಹಚ್ಚಿಬಿಡುತ್ತೇನೆ.

ಇನ್ನು ಎರಡನೆಯದು, ಆ ಕೆಟ್ಟ ಹೆಸರಿನದು.

ಹನ್ನೊಂದನೆಯ ದಿನದ ತಿಥಿಗೆ ಬದನವಾಳಿನಿಂದ ದೊಡ್ಡಪ್ಪನ ಮಗನ ಹೆಂಡತಿ, ನನ್ನ ಅತ್ತಿಗೆ ಬಂದಿದ್ದಳು. ಎಲೆ ಹಾಕುವ ಮುಂಚೆ ನನ್ನನ್ನು ಮೂಲೆಗೆ ಕರೆದು, "ಏನ್ ಸರೋಜಿ, ಆಸ್ಪತ್ರೆಗೆ ಫೋನ್ ಮಾಡಾಕೂ ಬುಡ್ನಿಲ್ವಂತೆ ಸೊಸೆ? ನಿನ್ ಕೈಲಿದ್ದ ಫೋನೇ ಕಿತ್ಕಂಡ್ಲಂತಲ್ಲ, ದಿಟ್ವಾ?" ಎಂದಳು.

ನಾನು ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಏನ್ ಹೇಳ್ಲಿ ಬುಡಿ ಅತ್ತಿಗೆ" ಎಂದೆ.

ಅಷ್ಟೇ ಹೇಳಿದ್ದು. ಅದರಲ್ಲಿ ಒಂದು ಸುಳ್ಳೂ ಇಲ್ಲ. ಆದರೆ ಅಷ್ಟು ಸಾಕಾಯಿತು. ನರ್ಸಮ್ಮನೇ ಕಣ್ಣೀರು ಹಾಕಿದಳು ಎಂದ ಮೇಲೆ ಬೇರೆ ಸಾಕ್ಷಿ ಯಾರಿಗೆ ಬೇಕು. ಸೊಸೆ ಅತ್ತೆಯನ್ನು ಆಸ್ಪತ್ರೆಗೆ ಸೇರಿಸದೆ ಸಾಯಿಸಿದಳು ಎಂಬ ಮಾತು ಹೆಮ್ಮಿಗೆಯಲ್ಲಿ ಹಬ್ಬಿತು, ನೆಂಟರ ಊರುಗಳಿಗೆ ಹೋಯಿತು, ಗಾರ್ಮೆಂಟ್ಸಿನ ವ್ಯಾನನ್ನೂ ಹತ್ತಿತು. ಕಾಗದ ಇದೆಯಲ್ಲ ಎಂದರೆ, ಕಾಯಿಲೆಯವಳ ಕೈಲಿ ಏನು ಬೇಕಾದರೂ ಬರೆಸಬಹುದು ಎಂದರು. ಕಾಗದ ಮಾಡಿಸಿದ್ದು ಮೊದಲು ನಾನು, ಅದು ಅಕ್ಕನದೇ ಮಾತು ಎಂದು ಹೇಳಬಲ್ಲವಳು ನಾನು. ಹೇಳಲಿಲ್ಲ. ಒಳಗೊಳಗೇ — ಇದನ್ನೂ ಮುಚ್ಚಿಡುವುದಿಲ್ಲ — ಸಮಾಧಾನವಾಗುತ್ತಿತ್ತು.

ಸಿದ್ದರಾಜು ಸ್ವಲ್ಪ ದಿನ ಹೆಂಡತಿಯ ಪರವಾಗಿ ನಿಂತ. ಆಮೇಲೆ ಊರಿನ ಮಾತು ಅವನ ತಲೆಯಲ್ಲೂ ಕೂತಿತು. ಒಂದು ಸಂಜೆ ನಂಜನಗೂಡಿನ ನನ್ನ ಮನೆಗೆ ಬಂದು, "ಚಿಕ್ಕವ್ವ, ಆವತ್ತು ಆಸ್ಪತ್ರೆಗೆ ಓಗಿದ್ರೆ ಅವ್ವ ಉಳೀತಿದ್ಲಾ?" ಎಂದು ಕೇಳಿದ.

"ಹಿಂದಿನ ಸಲ ಉಳಿದಿದ್ಲಲ್ಲಪ್ಪ" ಎಂದೆ.

ನಾನು ಮಾಡಿದ್ದರಲ್ಲೆಲ್ಲ ಅತಿ ಕೆಟ್ಟದ್ದು ಯಾವುದು ಎಂದರೆ ಈ ಒಂದು ಮಾತು. ಆಸ್ಪತ್ರೆಯ ಬಾಗಿಲಲ್ಲಿ ಹೆದರಿದ್ದೆ. ಇಲ್ಲಿ ಹೆದರಿಕೆಯೂ ಇರಲಿಲ್ಲ. ಅವನು ತಲೆ ತಗ್ಗಿಸಿ ಎದ್ದು ಹೋದ. ಅಂದಿನಿಂದ ಗಂಡ ಹೆಂಡತಿ ಒಂದೇ ಮನೆಯಲ್ಲಿದ್ದರೂ ಅವಳ ಜೊತೆ ಅವನದು ಅಗತ್ಯವಿದ್ದಷ್ಟೇ ಮಾತು. ತಾನೇ ಬಡಿಸಿಕೊಂಡು ಉಣ್ಣುವುದು, ಎದ್ದು ಹೋಗುವುದು.

ಹೀಗೇ ಎರಡು ವರ್ಷ. ಅವರ ಮಗಳು ಚೈತ್ರ ಈ ವರ್ಷ ನಂಜನಗೂಡಿನಲ್ಲಿ ಪಿಯುಸಿಗೆ ಸೇರಿದಳು. ಕಾಲೇಜು ಬಿಟ್ಟ ಮೇಲೆ ನನ್ನ ಮನೆಯಲ್ಲಿ ಊಟ ಮಾಡಿ ಬಸ್ಸು ಹತ್ತುತ್ತಾಳೆ. ಹೋದ ತಿಂಗಳು ಒಂದು ಮಧ್ಯಾಹ್ನ ತಟ್ಟೆಯ ಮುಂದೆ ಕುಳಿತವಳು ಕಲಸಿದ ಅನ್ನ ಹಾಗೇ ಬಿಟ್ಟು ಕೇಳಿದಳು:

"ಚಿಕ್ಕಜ್ಜಿ, ಅಜ್ಜೀನ ಅಮ್ಮನೇ ಸಾಯಿಸಿದ್ದು ಅಂತಾರಲ್ಲ, ನಿಜಾನಾ? ನೀವು ಅಲ್ಲೇ ಇದ್ರಂತಲ್ಲ."

ಅಜ್ಜಿಯದೇ ಹುಬ್ಬು ಆ ಹುಡುಗಿಗೆ. ನಾನು, ಇಲ್ಲಮ್ಮ, ಹಾಗಲ್ಲ, ಎಂದು ಶುರುಮಾಡಿದೆ — ಮುಂದಕ್ಕೆ ಹೋಗಲಿಲ್ಲ. ಅವಳು ಸ್ವಲ್ಪ ಕಾದು, ಉಂಡು, ತಟ್ಟೆ ತೊಳೆದಿಟ್ಟು ಹೋದಳು. ನನ್ನ ಮೌನವನ್ನು ಹೌದು ಎಂದೇ ತಿಳಿದುಕೊಂಡು ಹೋದಳು. ಆ ಮೌನ ಹೇಗೆ ಕೆಲಸ ಮಾಡುತ್ತದೆ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು.

ಭಾನುವಾರ ಹೆಮ್ಮಿಗೆಗೆ ಹೋದೆ. ಮಂಜುಳ ಹಿತ್ತಲಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು. ನಾನು ಕುಳಿತು, ಎರಡು ವರ್ಷದಿಂದ ಕೇಳಬೇಕೆಂದಿದ್ದನ್ನು ಕೇಳಿದೆ. ಡಾಕ್ಟರ ಮುಂದೆ ನನ್ನ ಸುಳ್ಳು ಹೊರಬಿದ್ದಾಗ ನೀನೂ ಇದ್ದೆ. ಊರೆಲ್ಲ ನಿನ್ನನ್ನು ಅಂದಾಗ ನನ್ನ ವಿಷಯ ಯಾಕೆ ಬಾಯಿ ಬಿಡಲಿಲ್ಲ?

"ಅತ್ತೆ ಮಾತು ತಕ್ಕಂಡಿದ್ರು." ಅವಳ ಕೈ ನಿಲ್ಲಲಿಲ್ಲ. "'ಸರೋಜಿ ಮಾಡಿದ್ದ ಯಾರ್ಗೂ ಏಳ್ಬ್ಯಾಡ, ಸಿದ್ದನ್ಗಂತೂ ಏಳ್ಲೇಬ್ಯಾಡ. ನಾಳೆ ಅವ್ಳು ಮೂಲೆ ಇಡುದ್ರೆ ನೋಡಾಕೆ ಅವ್ನ ಬುಟ್ರೆ ಇನ್ಯಾರವ್ರೆ' ಅಂದ್ರು."

ನನ್ನ ಮೇಲಿನ ನಂಬಿಕೆ ಹೋದ ಮೇಲೂ ಅಕ್ಕ ನನ್ನ ಮುಪ್ಪಿನ ಯೋಚನೆ ಮಾಡಿದ್ದಳು. ಆ ಯೋಚನೆಯ ಆಸರೆಯಲ್ಲೇ ಕುಳಿತು ನಾನು ಅವಳ ಸೊಸೆಯ ಮನೆ ಮುರಿಯುತ್ತಿದ್ದೆ.

"ನೀನು ದೊಡ್ಡವಳು ಮಂಜುಳ" ಎಂದೆ.

"ನಾನೇನ್ ದೊಡ್ಡೋಳಲ್ಲ." ಆಗ ಮಾತ್ರ ತಲೆಯೆತ್ತಿದಳು. "ನಿಮ್ ಮಕ ಕಂಡ್ರೆ ನಂಗಾಗಾಕಿಲ್ಲ. ಎಷ್ಟೋ ಸಲ ಬಾಯ್ ತುದಿಗೆ ಬಂದಿತ್ತು. ಸತ್ತೋರ್ಗೆ ಮಾತ್ ಕೊಟ್ಟಿದ್ದೆ, ಅದ್ಕೆ ನುಂಗ್ಕಂಡಿದೀನಿ, ಅಷ್ಟೇಯ."

"ನಾನು ಕೊಟ್ಟಿಲ್ಲವಲ್ಲ ಆ ಮಾತು. ನಾನು ಹೇಳ್ತೀನಿ."

ಅವಳು ನಂಬಲಿಲ್ಲ. ಸಿಪ್ಪೆ ಗುಡಿಸಿಕೊಂಡು ಒಳಗೆ ಹೋದಳು.

ಸಿದ್ದರಾಜು ಗದ್ದೆಯಿಂದ ಬಂದು ಕೈಕಾಲು ತೊಳೆದು ಜಗುಲಿಯ ಮೇಲೆ ಕುಳಿತ. ಚೈತ್ರಳನ್ನೂ ಕರೆದೆ. ನಿಂತುಕೊಂಡೇ ಹೇಳಿದೆ, ಕುಳಿತರೆ ಧೈರ್ಯ ಹೋಗುತ್ತದೆಂದು. ನೋಟರಿಯ ಮುಂದೆ ಅಕ್ಕ ಹೇಳಿ ಬರೆಸಿದ ಸಾಲುಗಳನ್ನು ಹೇಳಿದೆ. ಚೀಲದ ವಿಷಯ, ನಾನು ಇಲ್ಲ ಎಂದದ್ದು, ಅವಳ ಕೈ ಕಟ್ಟಿದ್ದು, ನಾನು ಆಡಿದ ಎರಡನೆಯ ಸುಳ್ಳು. ಫೋನು ತೆಗೆದದ್ದು ಊರಿನವರು ನೋಡಲಿ ಎಂದೇ, ಅಕ್ಕ ಉಳಿಯಲಿ ಎಂದಲ್ಲ. 'ಹಿಂದಿನ ಸಲ ಉಳಿದಿದ್ದಳಲ್ಲ' ಎಂದದ್ದು ಬೇಕೆಂದೇ. ನಡುವೆ ಒಂದು ಸಲವೂ ಅಳಲಿಲ್ಲ. ಅಳುವ ಹಕ್ಕು ಅಲ್ಲಿ ನನ್ನದಾಗಿರಲಿಲ್ಲ.

ಸಿದ್ದರಾಜು ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡ.

"ಅವ್ಳ ಕೈಲಿ ನೀರ್ ಇಸ್ಕಳಾದೂ ಬುಟ್ಟಿದ್ನಲ್ಲ ಚಿಕ್ಕವ್ವ" ಎಂದ. "ನೀನು ಏಳ್ದೆ ಅಂತ. ನೀನು ಏಳುದ್ರೆ ನಮ್ಮವ್ವ ಏಳ್ದಂಗೆ ಅಂತ..." ಎದ್ದು ಒಳಗೆ ಹೋದ. ಒಳಗಿನಿಂದ "ಮಂಜಿ" ಎಂದು ಕರೆದದ್ದು ಕೇಳಿಸಿತು. ಆಮೇಲೇನಾಯಿತೋ ಗೊತ್ತಿಲ್ಲ. ಕಾದು ತಿಳಿದುಕೊಳ್ಳುವ ಯೋಗ್ಯತೆ ನನಗಿಲ್ಲವೆಂದು ಚಪ್ಪಲಿ ಮೆಟ್ಟಿಕೊಂಡು ಬಸ್ಸಿಗೆ ಹೊರಟೆ. ಯಾರೂ ಉಳಿದುಕೊಳ್ಳಿ ಎನ್ನಲಿಲ್ಲ.

ಆ ದಿನದಿಂದ ಸಿದ್ದರಾಜು ಫೋನ್ ಮಾಡಿಲ್ಲ. ಚೈತ್ರ ಮಧ್ಯಾಹ್ನದ ಊಟಕ್ಕೆ ಬರುವುದನ್ನು ಬಿಟ್ಟಿದ್ದಾಳೆ. ಬರಬೇಕೆಂದು ನಾನೂ ಹೇಳಿ ಕಳಿಸಿಲ್ಲ.

ಮಾತು ಹಬ್ಬಿದ ಕಡೆಗೆಲ್ಲ ನಾನೇ ಹೋಗಬೇಕೆಂದು ನಿಶ್ಚಯಿಸಿದ್ದೇನೆ. ಹೆಮ್ಮಿಗೆಯಲ್ಲಿ ಅಂದು ಬಾಗಿಲಲ್ಲಿ ನಿಂತಿದ್ದ ಇಬ್ಬರು ಹೆಂಗಸರ ಮನೆಗೆ ಹೋಗಿ ಬಂದೆ. ಮೊನ್ನೆ ಬದನವಾಳಿಗೆ ಹೋಗಿ ಅತ್ತಿಗೆಗೆ ಎಲ್ಲ ಹೇಳಿದೆ. ಅವಳು ಕೇಳಿಸಿಕೊಂಡು, "ನಿನ್ನ ಸಾಕಿದ್ಳಲ್ಲೇ ಅವ್ಳು" ಎಂದು ಒಂದು ಮಾತು ಆಡಿ ಎದ್ದು ಒಳಗೆ ಹೋದಳು. ಕುಡಿಯಲು ನೀರೂ ಕೊಡಲಿಲ್ಲ. ಸರಿಯೇ. ನಾಳೆ ಬೆಳಿಗ್ಗೆ ಗಾರ್ಮೆಂಟ್ಸಿನ ವ್ಯಾನು ನಿಲ್ಲುವ ಕಡೆ ಹೋಗುತ್ತೇನೆ. ಮಂಜುಳನ ಪಕ್ಕದ ಸೀಟು ಎರಡು ವರ್ಷದಿಂದ ಖಾಲಿ ಇರುತ್ತದಂತೆ. ಆ ಹೆಂಗಸರು ಇಳಿಯುವಾಗ ನಿಲ್ಲಿಸಿ ಹೇಳಬೇಕು.